ಪುಸ್ತಕ ಮುಚ್ಚಿ ಓದುವುದು ಹೇಗೆ?

ಜನವರಿ ಕಳೆಯುತ್ತಿದ್ದಂತೆ ದಾವಣಗೆರೆಯ ಹಾಸ್ಟೆಲುಗಳಲ್ಲಿ ದೀಪ ಆರಿಸುವ ಹೊತ್ತು ಮುಂದೆ ಮುಂದೆ ಹೋಗುತ್ತದೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬಂದು ಇಲ್ಲಿ ಓದುವ ಮಕ್ಕಳ ಶ್ರಮವನ್ನು ಕಣ್ಣಾರೆ ಕಂಡವರು ಯಾರೂ ಅವರನ್ನು ಸೋಮಾರಿಗಳೆಂದು ಕರೆಯಲಾರರು. ಆದರೂ ಪೂರ್ವಸಿದ್ಧತಾ ಪರೀಕ್ಷೆ ಮುಗಿಸಿ ಹೊರಬಂದಾಗ ಅವರಲ್ಲಿ ಹಲವರ ಬಾಯಲ್ಲಿ ಕೇಳಿಬರುವ ಮಾತು ಒಂದೇ: "ನಾಲ್ಕು ಸಲ ಓದಿದ್ದೆ, ಬರೆಯುವಾಗ ನೆನಪಿಗೇ ಬರಲಿಲ್ಲ." ಇದರಲ್ಲಿ ಬುದ್ಧಿಯ ಕೊರತೆಯೂ ಇಲ್ಲ, ದುಡಿಮೆಯ ಕೊರತೆಯೂ ಇಲ್ಲ, ಕೊರತೆ ಇರುವುದು ಓದುವ ಕ್ರಮದಲ್ಲಿ ಎಂಬುದನ್ನು ಆ ಮಕ್ಕಳಿಗೆ ಯಾರಾದರೂ ಸಮಯವಿರುವಾಗಲೇ ಹೇಳಬೇಕು.

ಚಿತ್ರದುರ್ಗದ ಕೋಟೆಯನ್ನು ಬಲ್ಲವರೊಬ್ಬರ ಹಿಂದೆ ನಡೆದು ಸುತ್ತಿ ಬಂದವರಿಗೆ ಎರಡನೆಯ ಸಲ ಹೋದಾಗ ಪ್ರತಿ ಬಾಗಿಲೂ ಪರಿಚಿತವೆನಿಸುತ್ತದೆ. ಆದರೆ ಅವರನ್ನು ಒಬ್ಬರೇ ಕಳುಹಿಸಿ, ಓಬವ್ವನ ಕಿಂಡಿಗೆ ದಾರಿ ಹುಡುಕಿಕೊಂಡು ಹೋಗಿ ಎಂದರೆ ಎರಡನೆಯ ಸುತ್ತಿನಲ್ಲೇ ತಡವರಿಸುತ್ತಾರೆ. ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದಿದ್ದಾಗ ನೆನಪಿನಿಂದ ಹೊರತೆಗೆಯುವುದು ಬೇರೆ. ಪಾಠವನ್ನು ಮತ್ತೆ ಮತ್ತೆ ಓದಿದಾಗ ಮೊದಲನೆಯದು ಬಲಗೊಳ್ಳುತ್ತದೆ, ಪರೀಕ್ಷೆ ಕೇಳುವುದು ಎರಡನೆಯದನ್ನು.

ಆದ್ದರಿಂದ ಮೊದಲ ಹೆಜ್ಜೆಯೆಂದರೆ ಸ್ವಲ್ಪ ಓದಿ ಪುಸ್ತಕವನ್ನು ಮುಚ್ಚುವುದು. ಹತ್ತನೇ ತರಗತಿಯ ಇತಿಹಾಸದಲ್ಲಿ ಬರುವ ಸಹಾಯಕ ಸೈನ್ಯ ಪದ್ಧತಿಯನ್ನೇ ತೆಗೆದುಕೊಳ್ಳಿ. 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿ ವ್ಯಾಪಕವಾಗಿ ಜಾರಿಗೆ ತಂದ ಈ ಪದ್ಧತಿಯ ನಿಬಂಧನೆಗಳನ್ನು ಒಂದು ಸಲ ಅರ್ಥ ಮಾಡಿಕೊಂಡು ಓದಿ. ನಂತರ ಪುಸ್ತಕವನ್ನು ಮುಚ್ಚಿ, ರಫ್ ಹಾಳೆಯ ಮೇಲೆ ನೆನಪಿದ್ದಷ್ಟನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ರಾಜನು ಕಂಪನಿಯ ಸೈನ್ಯವನ್ನು ಇರಿಸಿಕೊಳ್ಳಬೇಕು, ಅದರ ಖರ್ಚನ್ನು ಭರಿಸಬೇಕು ಇಲ್ಲವೇ ಪ್ರದೇಶವನ್ನು ಬಿಟ್ಟುಕೊಡಬೇಕು ಎಂಬಲ್ಲಿಯವರೆಗೆ ಲೇಖನಿ ಸರಾಗವಾಗಿ ಓಡಬಹುದು. ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕೆಂಬುದೋ, ಕಂಪನಿಯ ಒಪ್ಪಿಗೆಯಿಲ್ಲದೆ ಬೇರೆ ಯುರೋಪಿಯನ್ನರನ್ನು ನೇಮಿಸಿಕೊಳ್ಳಬಾರದೆಂಬುದೋ ಜಾರಿಹೋಗಿರಬಹುದು. ಆಗ ಕೂಡಲೇ ಪುಸ್ತಕ ತೆರೆಯಬೇಡಿ. ಒಂದೆರಡು ನಿಮಿಷ ತಡಕಾಡಿ, ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಆ ಬೇರೆ ಬಣ್ಣದ ಸಾಲುಗಳೇ ನಾಳೆ ನೀವು ಓದಬೇಕಾದ ಭಾಗ. ಉಳಿದದ್ದನ್ನು ಮತ್ತೆ ಓದಿ ಹೊತ್ತು ಕಳೆಯಬೇಕಾಗಿಲ್ಲ. ಹೃದಯದ ಚಿತ್ರ, ವಿದ್ಯುನ್ಮಂಡಲದ ಚಿತ್ರಗಳನ್ನೂ ಹೀಗೆಯೇ, ನೋಡಿ ನಕಲು ಮಾಡುವುದರ ಬದಲು ನೋಡದೆ ಬರೆದು ಭಾಗಗಳನ್ನು ಗುರುತಿಸಿ, ನಂತರ ಹೋಲಿಸಿ ತಿದ್ದಿಕೊಳ್ಳಬೇಕು.

ಈ ತಡಕಾಟ ಕಷ್ಟವೆನಿಸುತ್ತದೆ, ಏನೂ ಬರುವುದಿಲ್ಲವೆಂಬ ಅಳುಕೂ ಹುಟ್ಟಬಹುದು. ಅಲ್ಲಿಯೇ ಎಷ್ಟೋ ಮಕ್ಕಳು ಈ ಕ್ರಮವನ್ನು ಕೈಬಿಟ್ಟು ಮತ್ತೆ ಹೈಲೈಟರ್ ಹಿಡಿಯುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅಂಥವರ ಮುಂದೆ ಇಡಬೇಕು. ಒಂದೇ ಬರಹವನ್ನು ಒಂದು ಗುಂಪಿನ ವಿದ್ಯಾರ್ಥಿಗಳು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಲ್ಲಿ ಉಳಿದದ್ದು ಶೇ 40ರಷ್ಟು, ನೆನಪಿನಿಂದ ಬರೆದವರಲ್ಲಿ ಶೇ 61ರಷ್ಟು. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲವಾದ್ದರಿಂದ ನಾವು ನೋಡಬೇಕಾದದ್ದು ಎರಡನೆಯ ಲೆಕ್ಕವನ್ನೇ.

ಎರಡನೆಯ ಹೆಜ್ಜೆ, ಹೀಗೆ ಬರೆದ ಪಾಠಕ್ಕೆ ಬಿಡುವು ಕೊಟ್ಟು ಮರಳುವುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲಿ ತೀರಾ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅರ್ಥವಿರುವ ಪಾಠ ಅಷ್ಟು ಬೇಗ ಅಳಿಸಿಹೋಗದಿದ್ದರೂ ಇಳಿಜಾರು ಮಾತ್ರ ಅದೇ ಬಗೆಯದು. ಹಾಗಾಗಿ ಒಂದು ಪಾಠಕ್ಕೆ ಭಾನುವಾರ ಒಂದೇ ದಿನ ನಾಲ್ಕು ಗಂಟೆ ಸುರಿಯುವುದಕ್ಕಿಂತ, ಅದೇ ನಾಲ್ಕು ಗಂಟೆಯನ್ನು ಮೂರು ವಾರಕ್ಕೆ ಹಂಚುವುದು ಲಾಭಕರ. ಇಂದು ಓದಿದ್ದನ್ನು ನಾಳೆ, ನಂತರ ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು, ಕೊನೆಗೆ ಮೂರು ವಾರಕ್ಕೊಮ್ಮೆ ಪುಸ್ತಕ ಮುಚ್ಚಿ ಬರೆಯುವಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಂತರ ಇಷ್ಟೇ ಇರಬೇಕೆಂಬ ಕಟ್ಟಳೆಯೇನಿಲ್ಲ. ಅರ್ಧ ಮರೆತಿರುವಾಗ ಮರಳುವಂತಿದ್ದರೆ ಸಾಕು.

ಇಸವಿ, ಸೂತ್ರ, ವ್ಯಾಖ್ಯೆಗಳಂಥ ಬಿಡಿ ಸಂಗತಿಗಳಿಗೆ ಚೀಟಿಗಳು ಅನುಕೂಲ. ಮನೆಯಲ್ಲಿ ಉಳಿದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಇರುವ ಒಂದು ಬದಿಗೆ ಪ್ರಶ್ನೆಯನ್ನೂ, ಬಿಳಿಯ ಕಾಗದ ಅಂಟಿಸಿದ ಇನ್ನೊಂದು ಬದಿಗೆ ಉತ್ತರವನ್ನೂ ಬರೆದರೆ ಪೈಸೆ ಖರ್ಚಿಲ್ಲದೆ ಗಟ್ಟಿಯಾದ ಚೀಟಿಗಳಾಗುತ್ತವೆ. ಸರಿ ಬಂದ ಚೀಟಿ ವಾರಕ್ಕೊಮ್ಮೆ ನೋಡುವ ಡಬ್ಬಿಗೆ ಹೋಗಲಿ, ತಪ್ಪಿದ್ದು ದಿನವೂ ನೋಡುವ ಡಬ್ಬಿಗೆ ಮರಳಲಿ. ಜಗಳೂರಿನಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಓಡಾಡುವವರು ಕುಲುಕಾಟದಲ್ಲಿ ಪುಸ್ತಕ ಓದಲಾಗದಿದ್ದರೂ ಹತ್ತು ಚೀಟಿಗಳಿಗೆ ಉತ್ತರ ಹೇಳಿಕೊಳ್ಳಬಹುದು.

ಗಣಿತದ ವಿಷಯದಲ್ಲಿ ಒಂದು ತಪ್ಪು ಬಹಳ ವ್ಯಾಪಕವಾಗಿದೆ. ಒಂದು ಅಭ್ಯಾಸದ ಇಪ್ಪತ್ತು ಲೆಕ್ಕಗಳನ್ನು ಒಟ್ಟಿಗೆ ಮಾಡಿದರೆ ಮೂರನೆಯ ಲೆಕ್ಕದಿಂದಾಚೆಗೆ ಯಾವ ಸೂತ್ರ ಬಳಸಬೇಕೆಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ, ಆದರೆ ಪರೀಕ್ಷೆಯಲ್ಲಿ ಮೊದಲು ಮಾಡಬೇಕಾದದ್ದೇ ಆ ಆಯ್ಕೆ. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಕೋನಮಿತಿಗಳಿಂದ ಎರಡೆರಡು ಲೆಕ್ಕಗಳನ್ನು ಆರಿಸಿ ಬೆರೆಸಿ ಮಾಡಿ. 2007ರಲ್ಲಿ ಪ್ರಕಟವಾದ ರೋರರ್ ಮತ್ತು ಟೇಲರ್ ಅವರ ಪ್ರಯೋಗದಲ್ಲಿ ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಬೆರೆಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹೆಚ್ಚು ತಪ್ಪಿದರು; ವಾರದ ನಂತರದ ಪರೀಕ್ಷೆಯಲ್ಲಿ ಮಾತ್ರ ಅವರಿಗೆ ಶೇ 63, ಒಂದೇ ಬಗೆಯನ್ನು ಒಟ್ಟಿಗೆ ಮಾಡಿದವರಿಗೆ ಶೇ 20.

ಕೊನೆಯ ಐದಾರು ವಾರಗಳಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಪೂರ್ತಿಯಾಗಿ ಬರೆಯಬೇಕು. ಸಾಧ್ಯವಾದರೆ ಪರೀಕ್ಷೆ ನಡೆಯುವ ಬೆಳಗಿನ ಹೊತ್ತಿನಲ್ಲೇ ಬರೆಯಿರಿ. ನಮ್ಮ ಬಯಲುಸೀಮೆಯ ಮಾರ್ಚ್ ಬಿಸಿಲಿಗೂ ಅದೇ ಅನುಕೂಲ. ತಿದ್ದುವಾಗ ಅಂಕ ಎಣಿಸಿ ಸುಮ್ಮನಾಗದೆ, ಹೋದ ಪ್ರತಿ ಅಂಕದ ಪಕ್ಕದಲ್ಲಿ ಕಾರಣ ಬರೆಯಿರಿ: ಗೊತ್ತಿರಲಿಲ್ಲವೋ, ಗೊತ್ತಿದ್ದೂ ನೆನಪಾಗಲಿಲ್ಲವೋ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೋ. ಮೊದಲನೆಯದಕ್ಕೆ ಶಿಕ್ಷಕರ ಬಳಿ ಹೋಗಬೇಕು, ಎರಡನೆಯದಕ್ಕೆ ಮೇಲೆ ಹೇಳಿದ ಚೀಟಿ ಮಾಡಬೇಕು, ಮೂರನೆಯದಕ್ಕೆ ಎಷ್ಟು ಅಂಶ ಕೇಳಿದ್ದಾರೆ ಎಂಬ ಪದದ ಕೆಳಗೆ ಗೆರೆ ಎಳೆಯುವ ರೂಢಿ ಬೇಕು.

ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ನಿದ್ದೆಯ ವಿಷಯದಲ್ಲಂತೂ ತಂದೆತಾಯಂದಿರಲ್ಲಿ ಕಳಕಳಿಯ ಮನವಿಯಿದೆ: ದಿನದಲ್ಲಿ ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯ ಹೊತ್ತಿನಲ್ಲಿ, ಆದ್ದರಿಂದ ಮಗ ಹತ್ತೂವರೆಗೆ ಮಲಗಿದರೆ ದಯವಿಟ್ಟು ಎಬ್ಬಿಸಿ ಕೂರಿಸಬೇಡಿ. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ತೆಗೆಯದೆ, ಬೇರೆ ಬಣ್ಣದಲ್ಲಿ ಬರೆದ ಸಾಲುಗಳನ್ನು ಮಾತ್ರ ನೋಡಿ, ಪ್ರವೇಶಪತ್ರವನ್ನೂ ಎರಡು ಪೆನ್ನುಗಳನ್ನೂ ಚೀಲಕ್ಕೆ ಹಾಕಿ ಮಲಗಿ.