ಆಫ್‌ಲೈನ್ ಸಿಂಕ್‌ನಲ್ಲಿ ಫೋನಿನ ಗಡಿಯಾರ ನಂಬಬೇಡಿ

ಆಫ್‌ಲೈನ್ ಆ್ಯಪ್ (ನೆಟ್ ಇಲ್ಲದಾಗಲೂ ನಡೆದು, ನೆಟ್ ಬಂದಾಗ ಸರ್ವರ್ ಜೊತೆ ಡೇಟಾ ಹೊಂದಿಸಿಕೊಳ್ಳುವಂಥದ್ದು) ಮಾಡುವವರು ಮೊದಲು ಎಡವುವುದು ಇಲ್ಲೇ: ಡೇಟಾಬೇಸಿನ ಯಾವ ಸಾಲಿನ ಸಮಯ ಹೊಸದೋ ಅದೇ ಉಳಿಯಲಿ ಎಂದು ಬಿಟ್ಟುಬಿಡುತ್ತಾರೆ. ಒಂದು ಫೋನಿನ ಗಡಿಯಾರ 10 ನಿಮಿಷ ಮುಂದಿದ್ದರೆ ಸಾಕು, ಅದರ ಹಳೆಯ ಬದಲಾವಣೆ ಉಳಿದವರದ್ದನ್ನು ಸದ್ದಿಲ್ಲದೆ ಅಳಿಸುತ್ತದೆ. ಎರರ್ ಕೂಡ ಬರುವುದಿಲ್ಲ.

ಬದಲಿಗೆ ಪ್ರತಿ ಸಾಲಿಗೂ ವರ್ಷನ್ ಎಂಬ ಪೂರ್ಣಾಂಕದ ಕಾಲಂ ಇಡಿ; ಅದನ್ನು ಏರಿಸುವ ಹಕ್ಕು ಸರ್ವರ್‌ಗೆ ಮಾತ್ರ. ಫೋನು ತಾನು ಓದಿದಾಗ ಇದ್ದ ವರ್ಷನ್ ಸಮೇತ ಬದಲಾವಣೆ ಕಳಿಸಲಿ. ಅಪ್‌ಡೇಟ್ ಕ್ವೆರಿಯ ಷರತ್ತಿನಲ್ಲಿ ಐಡಿ, ವರ್ಷನ್ ಎರಡೂ ಇರಲಿ. ಬದಲಾದ ಸಾಲು 0 ಎಂದರೆ ನಡುವೆ ಬೇರೆಯವರು ಕೈಯಾಡಿಸಿದ್ದಾರೆ. ಆಗ 409 (ಘರ್ಷಣೆ ಎಂದು ತಿಳಿಸುವ ಎಚ್‌ಟಿಟಿಪಿ ಕೋಡ್) ಜೊತೆಗೆ ಸರ್ವರ್‌ನ ಈಗಿನ ಸಾಲನ್ನೂ ವಾಪಸ್ ಕೊಡಿ.

ಫೋನಿನೊಳಗಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ ಕೊನೆಯ ಸಿಂಕ್‌ನ ಮೂಲ ಪ್ರತಿ ಇದ್ದರೆ ಆ ಪ್ರತಿ, ಫೋನಿನ ಬದಲಾವಣೆ, ಸರ್ವರ್‌ನ ಸಾಲು ಮೂರನ್ನೂ ಹೋಲಿಸಬಹುದು. ಒಬ್ಬರು ವಿಳಾಸ, ಇನ್ನೊಬ್ಬರು ಫೋನ್ ನಂಬರ್ ತಿದ್ದಿದ್ದರೆ ಎರಡೂ ಉಳಿಯುತ್ತವೆ. ಇಬ್ಬರೂ ಒಂದೇ ಕಾಲಂ ತಿದ್ದಿದ್ದರೆ ಮಾತ್ರ ಬಳಕೆದಾರರನ್ನು ಕೇಳಿ.

ಸ್ಟಾಕ್, ಬಾಕಿ ಹಣದಂಥವಕ್ಕೆ ಇದೂ ಸಾಲದು. 50 ಇದ್ದ ಸ್ಟಾಕಿನಿಂದ ಇಬ್ಬರು 3 ಮತ್ತು 5 ಮಾರಿದರೆ ಉಳಿಯಬೇಕಾದ್ದು 42. ಫೋನುಗಳು 47, 45 ಎಂದು ಕಳಿಸಿ ಒಂದರ ಮೇಲೊಂದು ಬರೆದರೆ ಒಂದು ಮಾರಾಟ ಮಾಯ! ಉಳಿಕೆ ಕಳಿಸದೆ −3, −5 ಎಂಬ ವ್ಯತ್ಯಾಸವನ್ನೇ ಕಳಿಸಿ. ಪ್ರತಿ ವ್ಯತ್ಯಾಸಕ್ಕೂ ಫೋನಿನಲ್ಲೇ ಹುಟ್ಟಿದ ಯುಯುಐಡಿ (ಬೇರೆಲ್ಲೂ ಮರುಕಳಿಸದಂಥ ಗುರುತು ಸಂಖ್ಯೆ) ಬೇಕೇ ಬೇಕು, ಸರ್ವರ್‌ನಲ್ಲಿ ಅದಕ್ಕೆ ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ಯೂನಿಕ್ ಇಂಡೆಕ್ಸ್. ಇಲ್ಲದಿದ್ದರೆ ಉತ್ತರ ತಲುಪುವ ಮೊದಲೇ ನೆಟ್‌ವರ್ಕ್ ಹೋಗಿ ಫೋನು ಮತ್ತೆ ಕಳಿಸಿದಾಗ ಅದೇ ಮಾರಾಟ ಎರಡು ಸಲ ಕಳೆಯುತ್ತದೆ.

ಅಳಿಸುವಾಗ ಸಾಲನ್ನೇ ತೆಗೆಯಬೇಡಿ. ಡಿಲೀಟೆಡ್ ಎಂದು ಗುರುತು ಹಾಕಿ ವರ್ಷನ್ ಏರಿಸಿ. ವಾರಗಟ್ಟಲೆ ಆಫ್‌ಲೈನ್ ಇದ್ದ ಫೋನು ಮರಳಿದಾಗ ಸತ್ತ ಸಾಲಿಗೆ ಜೀವ ಬರುವುದು ತಪ್ಪುತ್ತದೆ.