ಡಿಜಿ ಜೊತೆಗೇ ಸೋಲಾರ್ ಓಡಿಸಿದ ನನ್ನ ಅನುಭವ

ಡಿಜಿ, ಅಂದರೆ ಡೀಸೆಲ್ ಜನರೇಟರ್ ಓಡುವಾಗ ಸೋಲಾರ್ ಬಂದ್ ಮಾಡಿಡಬೇಕು, ಇಲ್ಲದಿದ್ದರೆ ಸೋಲಾರ್ ಪವರ್ ಡಿಜಿಗೆ ಉಲ್ಟಾ ಹೊಡೆಯುತ್ತದೆ ಎಂದು ನನಗೆ ಹೇಳದವರೇ ಇಲ್ಲ. "ಆಲ್ಟರ್ನೇಟರ್ ಹೋದರೆ ನೀವೇ ಕಟ್ಟಿ ಕೊಡ್ಬೇಕು ಮಾರಾಯ್ರೇ" ಎಂದು ಡಿಜಿ ಮೆಕ್ಯಾನಿಕ್ ಮೊದಲೇ ಕೈ ತೊಳೆದುಕೊಂಡಿದ್ದರು. ಈಗ ಎರಡು ಮದುವೆ ಸೀಸನ್ ಕಳೆಯಿತು. ಆಲ್ಟರ್ನೇಟರ್ (ಡಿಜಿಯಲ್ಲಿ ಕರೆಂಟ್ ಹುಟ್ಟಿಸುವ ಭಾಗ) ಗಟ್ಟಿ ಉಂಟು, ಡೀಸೆಲ್ ಲೆಕ್ಕ ಅರ್ಧಕ್ಕೆ ಹತ್ತಿರ ಇಳಿದಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಜಾಗ ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಆಡಿಟೋರಿಯಂ. 62.5 ಕೆವಿಎ (50 ಕಿಲೋವಾಟ್) ಡಿಜಿ, ಎಂಜಿನ್ ವೇಗ ಹಿಡಿದಿಡಲು ಹಳೇ ಮೆಕ್ಯಾನಿಕಲ್ ಗವರ್ನರ್. ಮಾಡಿನ ಮೇಲೆ 540 ವಾಟ್‌ನ 46 ಪ್ಯಾನೆಲ್, ಒಂದು 15 ಮತ್ತು ಒಂದು 10 ಕಿಲೋವಾಟ್ ಇನ್ವರ್ಟರ್, ಲೈನಿಗೆ ಹೋದದ್ದು ಬಂದದ್ದು ಲೆಕ್ಕ ಹಿಡಿಯಲು ಕೆಎಸ್ಇಬಿ (ಕೇರಳ ವಿದ್ಯುತ್ ಮಂಡಳಿ) ನೆಟ್ ಮೀಟರ್. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನ ವೋಲ್ಟೇಜ್ ಕಮ್ಮಿ. ಎಸಿ ನಿಲ್ಲಬಾರದು ಎಂದು ಮುಹೂರ್ತದಿಂದ ಊಟದವರೆಗೆ ಡಿಜಿಯೇ ಓಡುತ್ತದೆ. ಅಂದರೆ ಬಿಸಿಲು ಜೋರಿರುವ ಹೊತ್ತಿಗೇ ಸೋಲಾರ್ ಸುಮ್ನೆ ಕೂತಿರುತ್ತಿತ್ತು. ಎಷ್ಟು ನಷ್ಟ ಅಲ್ವಾ?

ಮೊದಲು ನೋಡಿದ್ದು ಇನ್ವರ್ಟರ್ ಜೊತೆ ಬಂದ ಝೀರೋ ಎಕ್ಸ್‌ಪೋರ್ಟ್ ಮೀಟರ್‌ನಿಂದಲೇ (ಸೋಲಾರ್ ಪವರ್ ಹೊರಗೆ ಹೋಗದ ಹಾಗೆ ಇನ್ವರ್ಟರನ್ನು ಇಳಿಸುವ ಮೀಟರ್) ಎರಡನ್ನೂ ಒಟ್ಟಿಗೆ ಓಡಿಸಲು ಆಗುತ್ತದಾ ಎಂದು. ಆಗಲಿಲ್ಲ. ಎಸಿ ಎಲ್ಲ ಒಟ್ಟಿಗೆ ಆಫ್ ಆದರೆ 12-13 ಕಿಲೋವಾಟ್ ಕ್ಷಣದಲ್ಲಿ ಬೀಳುತ್ತದೆ. ಮೀಟರ್‌ಗೆ ಅದು ಗೊತ್ತಾಗಿ ಇನ್ವರ್ಟರ್ ಇಳಿಯುವಾಗ ಏಳೆಂಟು ಸೆಕೆಂಡ್ ಆಗುತ್ತಿತ್ತು. ಅಷ್ಟರಲ್ಲಿ ಡಿಜಿಗೆ ಪವರ್ ಉಲ್ಟಾ ಹೊಡೆಯುತ್ತದೆ. ಆ ಮೀಟರ್‌ಗೆ ಕೊಟ್ಟ ಹಣ ಹೋಯಿತು ಎಂದೇ ಲೆಕ್ಕ.

ಆಮೇಲೆ ಸಿಟಿ (ಕರೆಂಟ್ ಅಳೆಯುವ ಬಳೆ) ಮತ್ತು ಆರ್‌ಎಸ್ 485 (ಇನ್ವರ್ಟರ್‌ಗೆ ಸಿಗ್ನಲ್ ಕಳಿಸುವ ತಂತಿ) ಇರುವ, ಸೋಲಾರನ್ನು ಏರಿಸಿ ಇಳಿಸುವ ಒಳ್ಳೆಯ ಕಂಟ್ರೋಲರ್ ತಂದೆ. ಸಿಟಿ ಡಿಜಿ ಕಡೆಗೆ ಹಾಕಿ, 30 ಶೇಕಡಾ ಲೋಡ್ ಅಂದರೆ 15 ಕಿಲೋವಾಟ್ ಯಾವಾಗಲೂ ಡಿಜಿಗೇ ಇರಲಿ ಎಂದು ಸೆಟ್ ಮಾಡಿದೆ. ಅದಕ್ಕಿಂತ ಕಡಿಮೆ ಲೋಡಿನಲ್ಲಿ ತುಂಬ ಹೊತ್ತು ಓಡಿದರೆ ಸೈಲೆನ್ಸರಿನಿಂದ ಕಪ್ಪು ಎಣ್ಣೆ ಇಳಿಯುವುದು ನಿಮಗೂ ಗೊತ್ತಿದೆ. ಅಷ್ಟು ಮಾಡಿದರೂ ರಿವರ್ಸ್ ಪವರ್ ರಿಲೇ (ಡಿಜಿಗೆ ಪವರ್ ಉಲ್ಟಾ ಬಂದರೆ ಕಡಿಯುವ ರಿಲೇ) ಟ್ರಿಪ್! ಒಟ್ಟು ಲೋಡ್ ನೋಡಿದರೆ ಎಲ್ಲ ಸರಿ.

ಕ್ಲ್ಯಾಂಪ್ ಮೀಟರ್ ಹಿಡಿದು ಒಂದೊಂದೇ ಫೇಸ್ ನೋಡಿದಾಗ ಸಿಕ್ಕಿತು. ಇನ್ವರ್ಟರ್ ಮೂರು ಫೇಸಿಗೂ ಸಮವಾಗಿ ಕೊಡುತ್ತದೆ. ಹಾಲ್‌ನ ಲೋಡ್ ಸಮ ಇಲ್ಲ. ಸ್ಟೇಜ್ ಲೈಟು, ಅಡುಗೆಮನೆ ಎಲ್ಲ ಆರ್ ಫೇಸಿನ ಮೇಲೆ, ಬಿ ಫೇಸ್ ಹೆಚ್ಚು ಕಡಿಮೆ ಖಾಲಿ. ಬಿ ಫೇಸಿನಲ್ಲಿ ಪವರ್ ಉಲ್ಟಾ ಹೋಗುತ್ತಿತ್ತು, ರಿಲೇ ಕೂತದ್ದೂ ಅದೇ ಫೇಸಿನಲ್ಲಿ. ಡಿಬಿ (ವಯರಿಂಗ್ ಹಂಚುವ ಪೆಟ್ಟಿಗೆ) ಬಿಚ್ಚಿ ಲೋಡನ್ನು ಮೂರು ಫೇಸಿಗೂ ಹಂಚಿದೆ. ಕಂಟ್ರೋಲರ್‌ಗೆ ಒಟ್ಟು ಬಿಟ್ಟು ಅತಿ ಕಡಿಮೆ ಲೋಡ್ ಇರುವ ಫೇಸನ್ನೇ ನೋಡಲು ಹೇಳಿದೆ. ಅಲ್ಲಿಗೆ ಟ್ರಿಪ್ ನಿಂತಿತು. ಈ ಕೆಲಸ ಮಾಡುವವರು ದಯವಿಟ್ಟು ಮೊದಲು ಫೇಸ್ ನೋಡಿ, ಕಂಟ್ರೋಲರ್ ಆಮೇಲೆ ತನ್ನಿ.

ಇನ್ನು ಗವರ್ನರ್. ಎಲ್ಲರೂ ಎಲೆಕ್ಟ್ರಾನಿಕ್ ಗವರ್ನರ್ ಹಾಕಿ, ಮೂವತ್ತು ಸಾವಿರ ಆಗಬಹುದು ಎಂದರು. ನಾನು ಒಪ್ಪಲಿಲ್ಲ. ಮೆಕ್ಯಾನಿಕಲ್ ಗವರ್ನರ್‌ನಲ್ಲಿ ಲೋಡ್ ಇಳಿದರೆ ಫ್ರೀಕ್ವೆನ್ಸಿ ಏರುತ್ತದೆ. ನಮ್ಮ ಇನ್ವರ್ಟರ್ 50.5 ಹರ್ಟ್ಸ್ ದಾಟಿದರೆ ತಾನಾಗಿ ಬಿಡುತ್ತದೆ. ಹಾಗಾದರೆ ಅದೇ ನಮಗೆ ಕಾವಲು ಅಲ್ವಾ? ಎಲೆಕ್ಟ್ರಾನಿಕ್ ಹಾಕಿ ಫ್ರೀಕ್ವೆನ್ಸಿ ಸದಾ 50ರಲ್ಲೇ ನಿಂತರೆ ಲೋಡ್ ಇಳಿದದ್ದು ಇನ್ವರ್ಟರ್‌ಗೆ ಹೇಗೆ ಗೊತ್ತಾಗಬೇಕು? ಮೆಕ್ಯಾನಿಕ್ ಹತ್ತಿರ ಸ್ಕ್ರೂ ತಿರುಗಿಸಿ, 15 ಕಿಲೋವಾಟಿಗೆ 50.2 ಸುಮಾರು ಬರುವ ಹಾಗೆ ಇಡಿಸಿದೆ. ಡಿಜಿ ಮೇಲಿನ ಲೋಡ್ ಹತ್ತು ಕಿಲೋವಾಟಿನ ಕೆಳಗೆ ಇಳಿದರೆ ಸೋಲಾರ್ ಹೊರಗೆ. ಪೂರ್ತಿ ಮೋಡ ಬಂದು ಡಿಜಿ 35 ಕಿಲೋವಾಟ್ ಎಳೆಯುವಾಗ 49ರ ಆಸುಪಾಸು ಇರುತ್ತದೆ, ಫ್ಯಾನು ಎಸಿಗೆ ಏನೂ ತೊಂದರೆ ಆಗಿಲ್ಲ. ಮೂವತ್ತು ಸಾವಿರ ಉಳಿಯಿತು. ಈ ಉಪಾಯ ನಮ್ಮ ಕಡೆ ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ಡಿಜಿ ಸ್ಟಾರ್ಟ್ ಆದಾಗ ಮೊದಲು ಲೋಡ್, ಆಮೇಲೆ ಸಣ್ಣ ಇನ್ವರ್ಟರ್, ಕೊನೆಗೆ ದೊಡ್ಡದು. ಎಷ್ಟು ಹೊತ್ತು ಬಿಟ್ಟು, ಯಾವ ವೇಗದಲ್ಲಿ ಏರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಲೋಡ್ ಇಳಿದಾಗ ಸೋಲಾರ್ ಇಳಿಸುವ ಬದಲು ಅಡುಗೆಮನೆಯ ಬಿಸಿನೀರಿನ ಟ್ಯಾಂಕಿಗೆ ತಲಾ ಮೂರು ಕಿಲೋವಾಟಿನ ಎರಡು ಕಾಯಿಲ್ ಹಾಕಿದೆ. ಡಿಜಿಗೆ ಅದರಿಂದ ದೊಡ್ಡ ಉಪಕಾರ ಇಲ್ಲ. ಆದರೆ ಪಾತ್ರೆ ತೊಳೆಯಲು ಬಿಸಿನೀರು ಧಾರಾಳ. ಅಡುಗೆಯ ಭಟ್ಟರಿಗೆ ಅದೇ ಜಾಸ್ತಿ ಖುಷಿ. ತೆಗೆಯಬೇಡಿ ಎಂದರು, ಹಾಗೇ ಬಿಟ್ಟಿದ್ದೇನೆ.

ಖರ್ಚು ಹೇಳುತ್ತೇನೆ. ಕಂಟ್ರೋಲರ್ ಮತ್ತು ಸಿಟಿ ಐವತ್ತೈದು ಸಾವಿರದ ಹತ್ತಿರ. ರಿಲೇ, ಕಾಂಟಾಕ್ಟರ್, ಕೇಬಲ್, ಡಿಬಿ ಕೆಲಸ, ಕೂಲಿ ಸೇರಿ ಒಟ್ಟು ಒಂದು ಲಕ್ಷದ ಹತ್ತು ಸಾವಿರ ಅಂದುಕೊಳ್ಳಿ. ಮೊದಲು ಗಂಟೆಗೆ ಹತ್ತು ಲೀಟರ್ ಕುಡಿಯುತ್ತಿದ್ದ ಡಿಜಿ ಈಗ ಬಿಸಿಲಿದ್ದರೆ ಆರರ ಸುತ್ತ. ಡೀಸೆಲ್ 95 ರೂಪಾಯಿ ಹಿಡಿದರೆ ಗಂಟೆಗೆ 380 ಉಳಿತಾಯ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಬಿಸಿಲೂ ಇಲ್ಲ, ಆ ತಿಂಗಳು ಬಿಟ್ಟುಬಿಡಿ. ಹಾಗಿದ್ದರೂ ಹಾಕಿದ ಹಣ ಹೆಚ್ಚು ಕಡಿಮೆ ವಾಪಸ್ ಬಂದಿದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಡಿಜಿ ಮತ್ತು ಲೈನ್ ನಡುವೆ ನಾಲ್ಕು ಪೋಲ್ ಚೇಂಜ್‌ಓವರ್ (ಮೂರು ಫೇಸ್ ಮತ್ತು ನ್ಯೂಟ್ರಲ್ ಎಲ್ಲ ಬದಲಿಸುವ ಸ್ವಿಚ್), ಎರಡೂ ಒಟ್ಟಿಗೆ ಆನ್ ಆಗದ ಹಾಗೆ ಮೆಕ್ಯಾನಿಕಲ್ ಇಂಟರ್‌ಲಾಕ್ ಇರಲೇಬೇಕು. ಲೈನ್ ಕೆಲಸಕ್ಕೆ ಕಂಬ ಹತ್ತಿದವರ ಜೀವ ಅದರ ಮೇಲೆ ನಿಂತಿದೆ. ಈಗ ಉಪ್ಪಳದಲ್ಲಿ 125 ಕೆವಿಎಯ ಒಂದು ಕೆಲಸ ಬಂದಿದೆ. ಅದರಲ್ಲಿ ಎಲೆಕ್ಟ್ರಾನಿಕ್ ಗವರ್ನರೇ ಇದೆ. ಅದಕ್ಕೂ ಸ್ವಲ್ಪ ಡ್ರೂಪ್ ಕೊಟ್ಟು, ಅಂದರೆ ಲೋಡ್ ಇಳಿದರೆ ಫ್ರೀಕ್ವೆನ್ಸಿ ಏರುವ ಹಾಗೆ ಮಾಡಿ ನೋಡುವವನಿದ್ದೇನೆ.