ಸತ್ತಿದೆ ಅಂದ ಡ್ರೈವ್ ನನ್ನ ಕ್ಯಾಬಿನೆಟ್‌ನಲ್ಲಿ ಎರಡು ವರ್ಷದಿಂದ ಓಡುತ್ತಿದೆ

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಜಾಗದ ಕಷ್ಟ ಬಿಡಿಸಿ ಹೇಳಬೇಕಿಲ್ಲ. ವರಪೂಜೆಯಿಂದ ಬೀಗರೂಟದವರೆಗೆ ಮೂರು ಕ್ಯಾಮೆರಾ ಓಡಿದರೆ ಒಂದೇ ಮದುವೆಗೆ 400 ಜಿಬಿ ಖಾಲಿ. ಸೀಸನ್‌ನಲ್ಲಿ ಸಿಸ್ಟಂ ಬಿಚ್ಚೋದು ಬೇಡ ಅಂತ ಆಷಾಢಕ್ಕೆ ಕಾದೆ. ಆಗ ಹೇಗೂ ಕೆಲಸ ಇರುವುದಿಲ್ಲ. ದುಡ್ಡೂ ಇರುವುದಿಲ್ಲ ಅನ್ನಿ.

8 ಟಿಬಿ ಇಂಟರ್ನಲ್ ಡ್ರೈವ್‌ಗೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ 17 ಸಾವಿರದ ಹತ್ತಿರ ಹೇಳಿದರು. ಅಷ್ಟೇ ದೊಡ್ಡ ಎಕ್ಸ್‌ಟರ್ನಲ್ ಡ್ರೈವ್ ಆನ್‌ಲೈನ್ ಸೇಲ್‌ನಲ್ಲಿ 12,500ಕ್ಕೋ ಏನೋ ಸಿಕ್ಕಿತು. ಒಳಗಿರುವುದು ಕಂಪ್ಯೂಟರ್‌ಗೆ ಹಾಕುವ ಮಾಮೂಲಿ ಸಾಟಾ ಡ್ರೈವೇ ಅಲ್ವಾ, ಹೊರಗೆ ತೆಗೆದು ಕ್ಯಾಬಿನೆಟ್‌ಗೆ ಹಾಕಿದರಾಯಿತು ಅಂದುಕೊಂಡೆ. ಡಬ್ಬಿ ಬಿಚ್ಚಿದರೆ ವಾರಂಟಿ ಮರೆತುಬಿಡಿ, ಅದಕ್ಕೇ ಮೊದಲು ಯುಎಸ್‌ಬಿಯಲ್ಲೇ ಡಿಸ್ಕ್‌ನ ಮೂಲೆಮೂಲೆಯನ್ನೂ ಪರೀಕ್ಷಿಸುವ ಪೂರ್ತಿ ಸರ್ಫೇಸ್ ಟೆಸ್ಟ್ ಹಾಕಿದೆ. 14 ಗಂಟೆ ಹಿಡಿಯಿತು, ಅದೂ ಮಧ್ಯೆ ಕರೆಂಟ್ ಹೋಗಿ ಮತ್ತೆ ಮೊದಲಿಂದ. ಆಮೇಲೆ ಒಂದು ಲಾಕ್ ಕೂಡ ಮುರಿಯದೆ ಡಬ್ಬಿ ತೆರೆದೆ. ಎಲ್ಲಿ ಒತ್ತಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ, ಎರಡು ಹಳೇ ಡಬ್ಬಿ ಹಾಳು ಮಾಡಿಕೊಂಡು ಕಲಿತದ್ದು.

ಕ್ಯಾಬಿನೆಟ್‌ನಲ್ಲಿ ಕೂರಿಸಿ ಆನ್ ಮಾಡಿದೆ. ಸದ್ದೇ ಇಲ್ಲ. ಮೇಲೆ ಅಂಗೈ ಇಟ್ಟೆ, ಒಂಚೂರೂ ಅದುರುತ್ತಿಲ್ಲ. ವಿಂಡೋಸ್‌ಗೂ ಮೊದಲು ಬರುವ ಬಯಾಸ್ ಸೆಟ್ಟಿಂಗ್‌ನಲ್ಲೂ ಕಾಣಲಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಊಹೂಂ. ಮರುದಿನ ಎಸ್‌ಪಿ ರೋಡಿಗೆ ಹೋದರೆ, ಮೊದಲ ಅಂಗಡಿಯವನು ತನ್ನ ಸಿಸ್ಟಂಗೆ ಹಾಕಿ ನೋಡಿ, "ಸಾರ್, ಇದು ಡೆಡ್ಡು. ನೀವು ಬಿಚ್ಚಬಾರದಿತ್ತು" ಅಂದ. ಇನ್ನೊಬ್ಬ, ಎಸ್‌ಎಂಪಿಎಸ್ (ಸಿಸ್ಟಂಗೆ ಕರೆಂಟ್ ಕೊಡುವ ಡಬ್ಬಿ) ಸಾಲುತ್ತಿಲ್ಲ, 650 ವ್ಯಾಟ್‌ದು ಹಾಕಿಸಿ, ಐದು ಸಾವಿರ ಆಗುತ್ತದೆ ಅಂದ. ನನ್ನದು 450 ವ್ಯಾಟ್. ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ ಎಳೆಯುವುದೇ 20-25 ವ್ಯಾಟ್, ಆಮೇಲೆ ಹತ್ತೂ ಬೇಡ. ಜೊತೆಗಿದ್ದ ಗೆಳೆಯ "ಹನ್ನೆರಡು ಸಾವಿರ ನೀರಲ್ಲಿ ಹೋಮ ಮಾಡ್ದೆ ಮಗಾ" ಅಂತ ಕಾಫಿ ಕೊಡಿಸಿದ.

ಮನೆಗೆ ಬಂದು ಸಿಟ್ಟಿನಲ್ಲಿ ಅದನ್ನು ಮತ್ತೆ ಅದರ ಯುಎಸ್‌ಬಿ ಬೋರ್ಡಿಗೇ ಸಿಕ್ಕಿಸಿದೆ. ಗುಂಯ್ ಅಂತ ತಿರುಗಿತು! ಡೆಡ್ ಆಗಿದ್ದರೆ ಇಲ್ಲಿ ಹೇಗೆ ಎದ್ದಿತು? ಕೂತು ಹುಡುಕಿದಾಗ ಸಿಕ್ಕಿದ್ದು ಡ್ರೈವ್‌ಗೆ ಕರೆಂಟ್ ಬರುವ ಕನೆಕ್ಟರ್‌ನ ಮೂರನೇ ಪಿನ್. ಮೊದಲು ಅದು 3.3 ವೋಲ್ಟ್‌ನ ಪಿನ್. 2016ರಲ್ಲಿ ಬಂದ ಸಾಟಾದ 3.3ನೇ ಆವೃತ್ತಿಯಲ್ಲಿ ಅದಕ್ಕೆ ಬೇರೆ ಕೆಲಸ ಕೊಟ್ಟರು, ಅಲ್ಲಿ ಕರೆಂಟ್ ಬಂದರೆ ಡ್ರೈವ್ ಮಲಗಿರಬೇಕು. ಹಳೇ ಎಸ್‌ಎಂಪಿಎಸ್‌ಗೆ ಇದು ಹೇಗೆ ಗೊತ್ತಾಗಬೇಕು, ಅದು ಸುಮ್ನೆ ಕೊಡುತ್ತಲೇ ಇರುತ್ತದೆ.

ಆ ಪಿನ್‌ಗೆ ಕರೆಂಟ್ ತಾಕದಂತೆ ಮುಚ್ಚಬೇಕು. ಮೊದಲು ಹೆಂಡತಿಯ ನೇಲ್ ಪಾಲಿಷ್ ಹಚ್ಚಿದೆ. ಕನೆಕ್ಟರ್ ಒಳಗೆ ಹೋಗುವಾಗಲೇ ಕೆರೆದುಹೋಯಿತು, ಬೈಗುಳ ಬೇರೆ. ಕರೀ ಇನ್ಸುಲೇಷನ್ ಟೇಪ್ ದಪ್ಪ, ಒತ್ತಿದರೆ ಮುದುಡಿ ಪಕ್ಕದ ಪಿನ್ ಮೇಲೆ ಕೂರುತ್ತದೆ. ಮೊಬೈಲ್ ರಿಪೇರಿಯವರ ಹಳದಿ ಹೀಟ್ ಟೇಪನ್ನು ಅಕ್ಕಿಕಾಳಿಗಿಂತ ಸಣ್ಣಗೆ ಕತ್ತರಿಸಿ ಅಂಟಿಸಿದಾಗ ಎದ್ದಿತು. ಆದರೆ ಆಮೇಲೆ ಅದನ್ನೂ ಕಿತ್ತೆ. ಎಸ್‌ಎಂಪಿಎಸ್‌ನಲ್ಲಿರುವ ನಾಲ್ಕು ಪಿನ್‌ನ ಹಳೇ ಕನೆಕ್ಟರ್ ಮೋಲೆಕ್ಸ್‌ನಿಂದ ಸಾಟಾಗೆ ಹೋಗುವ ಕೇಬಲ್ ಹಾಕಿದರೆ ಮುಗಿಯಿತು, ಮೋಲೆಕ್ಸ್‌ನಲ್ಲಿ ಇರುವುದು ಹಳದಿ ವೈರ್ 12 ವೋಲ್ಟ್, ಕೆಂಪು 5, ಎರಡು ಕಪ್ಪು ಗ್ರೌಂಡ್, 3.3 ಬರುವುದೇ ಇಲ್ಲ. ಕೇಬಲ್‌ಗೆ 120 ರೂಪಾಯಿ. ಒಂದೇ ಮಾತು, ವೈರ್ ಮೇಲೆ ಪ್ಲಾಸ್ಟಿಕ್ ಕರಗಿಸಿ ಹುಯ್ದಂತಿರುವ ತುದಿಯದ್ದು ತಗೋಬೇಡಿ, ಅವು ಒಳಗೇ ಶಾರ್ಟ್ ಆಗಿ ಸುಡುವುದುಂಟು. ಒಂದೊಂದು ವೈರೂ ಬೇರೆ ಬೇರೆ ಕಾಣುವಂಥದ್ದೇ ಬೇಕು. ಯಾವ ಅಂಗಡಿ ಅಂತ ಹೇಳಿದರೆ ನಾಳೆಯೇ 200 ಮಾಡುತ್ತಾನೆ, ಬೇಡ.

ಇಷ್ಟಾದರೂ ವಿಂಡೋಸ್‌ನಲ್ಲಿ ಡ್ರೈವ್ ಕೋರಾ. ಆ ಡಬ್ಬಿಯ ಬೋರ್ಡು ಬರೆಯುವಾಗಲೇ ಎನ್‌ಕ್ರಿಪ್ಟ್ ಮಾಡುತ್ತಿತ್ತಂತೆ, ಅಂದರೆ ಆ ಬೋರ್ಡಿಲ್ಲದೆ ಓದಲಾಗದ ಗುಟ್ಟಿನ ರೂಪಕ್ಕೆ ತಿರುಗಿಸುತ್ತಿತ್ತು. ಪರೀಕ್ಷೆಗೆ ಅಂತ ತುಂಬಿದ್ದ ಒಂದು ರಿಸೆಪ್ಷನ್ ವಿಡಿಯೋ ಮಾಯ. ಕ್ಯಾಮೆರಾ ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ, ಬದುಕಿದೆ. ದೊಡ್ಡ ಡ್ರೈವ್‌ಗೆ ಬೇಕಾದ ಜಿಪಿಟಿ ಪಾರ್ಟಿಷನ್ ಮಾಡಿ ಫಾರ್ಮ್ಯಾಟ್ ಹೊಡೆದೆ, 7.27 ಟಿಬಿ ಬಂತು, ವಿಂಡೋಸ್ ಲೆಕ್ಕದಲ್ಲಿ 8 ಟಿಬಿ ಅಂದರೆ ಅಷ್ಟೇ. ಡೇಟಾ ಕೇಬಲ್ ವಿಷಯದಲ್ಲೂ ಅರ್ಧ ದಿನ ಹೋಯಿತು, ನನ್ನ ಮದರ್‌ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ತುಂಬಿದರೆ ಐದನೇ ಸಾಟಾ ಪೋರ್ಟ್ ಬಂದ್.

ಬೇಸಿಗೆಯಲ್ಲಿ ಡ್ರೈವ್ 50 ಡಿಗ್ರಿ ದಾಟುತ್ತಿತ್ತು. ಕ್ಯಾಬಿನೆಟ್‌ನಲ್ಲಿ ಒಂದು ಖಾನೆ ಕೆಳಗಿಳಿಸಿ ಮುಂದಿನ ಫ್ಯಾನಿನ ನೇರಕ್ಕೆ ಇಟ್ಟೆ, 41ಕ್ಕೆ ಬಂತು. ಅದುರುವ ಸದ್ದಿಗೆ ಸೈಕಲ್ ಟ್ಯೂಬ್ ತುಂಡು ಕತ್ತರಿಸಿ ಸ್ಕ್ರೂ ಕೆಳಗೆ ಕೊಟ್ಟಿದ್ದೇನೆ, ಈಗ ರಾತ್ರಿ ರೆಂಡರ್ ಹಾಕಿದರೂ ಮಗು ಏಳುವುದಿಲ್ಲ. ಮೊನ್ನೆ ಅದೇ ಗೆಳೆಯ ಡಬ್ಬಿ ಸಮೇತ ತನ್ನ ಎಕ್ಸ್‌ಟರ್ನಲ್ ತಂದು ಟೇಬಲ್ ಮೇಲಿಟ್ಟ. ಬಿಚ್ಚೋಕೆ 500, ಕಾಫಿ ಬೇರೆ ಅಂದೆ.